ಟವರ್ ಮುಚ್ಚಿದೆ

ನನಗೆ ಬಕೆಟ್ ಅಂತ ಹೆಸರಿಟ್ಟದ್ದು ತರಬೇತಿ ಶಾಲೆಯಲ್ಲಿ.

ಅಮ್ಮ ನಗರದ ವಿಮಾನ ನಿಲ್ದಾಣದಲ್ಲಿ ಕಕ್ಕಸು ತೊಳೆಯುತ್ತಿದ್ದಳು. ಕೆಲಸ ತೋರಿಸಲೆಂದು ನಮ್ಮ ತಂಡವನ್ನು ಒಮ್ಮೆ ಅದೇ ನಿಲ್ದಾಣಕ್ಕೆ ಕರೆದುಕೊಂಡು ಹೋದರು. ಕಾರಿಡಾರಿನಲ್ಲಿ ಅಮ್ಮ ಎದುರಾದಳು. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ನೆಲ ಒರೆಸುವ ಕೋಲು. ನನ್ನನ್ನು ನೋಡಿದವಳೇ ಗೋಡೆಯ ಕಡೆ ತಿರುಗಿ ನಿಂತಳು, ಗುರುತಿಲ್ಲದವಳ ಹಾಗೆ. ಮಗಳಿಗೆ ಅವಮಾನವಾಗಬಾರದು ಅಂತ. ನಾನು ಹೋಗಿ ಅವಳ ಕೈಯಿಂದ ಬಕೆಟ್ ತೆಗೆದುಕೊಂಡೆ. ಭಾರವಿತ್ತು. "ಇವರು ನಮ್ಮಮ್ಮ" ಅಂದೆ. ಮರುದಿನದಿಂದ ನಾನು ಬಕೆಟ್.

ತರಬೇತಿ ಮುಗಿದ ಮೇಲೆ ಎಲ್ಲರಿಗೂ ಊರು ಹಂಚಿದರು. ಬಕೆಟ್ ಹಿಡಿದವರೆಲ್ಲ ನಗರಕ್ಕೆ ಹೋದರು. ಬಕೆಟ್ ಅಂತ ಹೆಸರಿದ್ದವಳಿಗೆ ಉಪ್ಪು ಬಯಲಿನ ಟವರ್ ಸಿಕ್ಕಿತು.

ಆ ಬಯಲಿನಲ್ಲಿ ಒಂದು ರನ್‌ವೇ, ಒಂದು ಶೆಡ್ಡು, ಸಿಬ್ಬಂದಿಯ ಒಂದು ಸಾಲು ಮನೆ, ಮಧ್ಯದಲ್ಲಿ ಟವರ್. ಸುತ್ತ ಬಿಳಿ ನೆಲ. ಬಿಸಿಲು ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ. ನನ್ನ ಕೆಲಸ ಟವರಿನ ತುದಿಯ ಗಾಜಿನ ಕೋಣೆಯಲ್ಲಿ. ಬರುವ ವಿಮಾನಕ್ಕೆ ಇಳಿ ಅನ್ನಬೇಕು, ಹೋಗುವ ವಿಮಾನಕ್ಕೆ ಏರು ಅನ್ನಬೇಕು, ಎರಡೂ ಒಂದಕ್ಕೊಂದು ಅಡ್ಡ ಬಾರದ ಹಾಗೆ ನೋಡಿಕೊಳ್ಳಬೇಕು. ಹೇಳಲು ಇಷ್ಟೇ. ಕೂತವರಿಗೆ ಗೊತ್ತು. ಕಿವಿಯ ಮೇಲೆ ಹೆಡ್‌ಫೋನ್ ಒತ್ತುತ್ತದೆ. ಕತ್ತು ಗಟ್ಟಿಯಾಗುತ್ತದೆ. ಕಣ್ಣು ಉರಿಯುತ್ತದೆ. ಒಂದು ಮಾತು ತಪ್ಪಿದರೆ ಬಸ್ಸು ತುಂಬುವಷ್ಟು ಜನ ಸಾಯುತ್ತಾರೆ. ಅದನ್ನು ಯೋಚಿಸುವ ಹಾಗಿಲ್ಲ. ಮರೆಯುವ ಹಾಗೂ ಇಲ್ಲ.

ಆ ಟವರಿಗೆ ಮಂಜೂರಾದ ಹುದ್ದೆ ಎಂಟು. ಇದ್ದವರು ಇಬ್ಬರು, ನಾನು ಮತ್ತು ಮೇಷ್ಟ್ರು. ಮೇಷ್ಟ್ರು ಅಂದರೆ ಪಾಠ ಹೇಳುವವರಲ್ಲ. ಕೂದಲು ನರೆತ ಹಿರಿಯ ನಿಯಂತ್ರಕರು. ಬಹಳ ಕಾಲದಿಂದ ಅಲ್ಲೇ ಇದ್ದರು. ವರ್ಗಾವಣೆ ಕೇಳುವುದನ್ನು ಬಿಟ್ಟು, ಉಪ್ಪು ನೆಲದಲ್ಲಿ ಬದನೆ ಗಿಡ ಬೆಳೆಸಲು ನೋಡುತ್ತಿದ್ದರು. ಗಿಡ ಏಳುತ್ತಿರಲಿಲ್ಲ. ಅವರು ಬಿಡುತ್ತಿರಲಿಲ್ಲ. ನಮ್ಮಿಬ್ಬರ ಮೇಲೆ ಒಬ್ಬ ಇನ್‌ಚಾರ್ಜ್. ಅವನು ಮೇಲೆ ಹತ್ತಿ ಬಂದದ್ದು ಕಡಿಮೆ. ಅವನ ಕೋಣೆ ಕೆಳಗೆ, ತಣ್ಣಗೆ.

ಕಕ್ಕಸೂ ಕೆಳಗೆ.

ಲಿಫ್ಟ್ ಕೆಟ್ಟು ವರ್ಷಗಳಾಗಿದ್ದವು. ಮೇಷ್ಟ್ರು ಒಂದು ಪಾಳಿ, ನಾನು ಒಂದು ಪಾಳಿ. ಪಾಳಿಯಲ್ಲಿ ಒಬ್ಬರೇ. ಒಬ್ಬರೇ ಇದ್ದಾಗ ಕುರ್ಚಿ ಬಿಟ್ಟು ಇಳಿಯುವುದು ಹೇಗೆ? ಎರಡು ಗಂಟೆಗಿಂತ ಹೆಚ್ಚು ಯಾರೂ ಒಂದೇ ಸಮ ಕೂರಬಾರದು ಅಂತ ಇಲಾಖೆಯ ನಿಯಮವಿದೆ. ಗೋಡೆಯ ಮೇಲೆ ಅಂಟಿಸಿಯೂ ಇದ್ದರು. ಅದರ ಕೆಳಗೆ ನಾವು ಬೆಳಗಿನಿಂದ ಮಧ್ಯಾಹ್ನದವರೆಗೆ ಕೂರುತ್ತಿದ್ದೆವು.

ನಾನು ನೀರು ಕುಡಿಯುವುದನ್ನು ಬಿಟ್ಟೆ. ಪಾಳಿಗೆ ಮುಂಚೆ ನಾಲಗೆ ಒದ್ದೆ ಮಾಡಿಕೊಳ್ಳುವುದು, ಅಷ್ಟೇ. ಹೊಟ್ಟೆಯ ಕೆಳಗೆ ಕಲ್ಲು ಕಟ್ಟಿದ ಹಾಗೆ ನೋವು. ಉರಿ. ಜ್ವರ. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, "ನೀರು ಚೆನ್ನಾಗಿ ಕುಡೀರಿ" ಅಂದರು. ನನಗೆ ನಗು ಬಂತು. ಅವರಿಗೆ ಯಾಕೆ ಅಂತ ಅರ್ಥವಾಗಲಿಲ್ಲ.

ಒಮ್ಮೆ ಮುಟ್ಟಾದ ದಿನ ಮೂರು ವಿಮಾನ ಒಂದರ ಹಿಂದೆ ಒಂದು ಬಂದವು. ಏಳಲಾಗಲಿಲ್ಲ. ಮೇಷ್ಟ್ರು ಬಂದು ನನ್ನನ್ನು ಬಿಡಿಸಿದಾಗ ಕುರ್ಚಿಯ ಮೇಲೆ ಕಲೆ ಇತ್ತು. ಮೇಷ್ಟ್ರು ಗಾಜಿನ ಕಡೆ ತಿರುಗಿ ನಿಂತರು. ನಾನು ಒದ್ದೆ ಬಟ್ಟೆಯಿಂದ ತಿಕ್ಕಿದೆ. ಪೂರ್ತಿ ಹೋಗಲಿಲ್ಲ. ಮರುದಿನ ಆ ಕುರ್ಚಿಯ ಮೇಲೆ ಹಳೆ ಪೇಪರ್ ಹಾಸಿತ್ತು. ಇನ್‌ಚಾರ್ಜ್ ಹಾಕಿಸಿದ್ದ. ನನ್ನ ಮುಖಕ್ಕೆ ಏನೂ ಹೇಳಲಿಲ್ಲ. ಹೇಳಿದ್ದರೆ ಉತ್ತರ ಕೊಡಬಹುದಿತ್ತು. ನಾನು ಪೇಪರ್ ತೆಗೆದು ಮಡಿಸಿ ಅವನ ಮೇಜಿನ ಮೇಲಿಟ್ಟು ಬಂದೆ.

ವರ್ಗಾವಣೆ ಕೇಳಿದೆ. ಪ್ರತಿ ವರ್ಷ ಕೇಳಿದೆ. ಪ್ರತಿ ವರ್ಷ ಒಂದೇ ಉತ್ತರ. ಟವರಿನಲ್ಲಿ ಮುಕ್ಕಾಲು ಪಾಲು ಹುದ್ದೆ ತುಂಬಿದ್ದರೆ ಮಾತ್ರ ಒಬ್ಬರನ್ನು ಬಿಡಬಹುದು. ನಮ್ಮ ಟವರಿಗೆ ಯಾರೂ ಬರುವುದಿಲ್ಲ. ಯಾರೂ ಬರದಿದ್ದರೆ ಅದು ತುಂಬುವುದಿಲ್ಲ. ತುಂಬದಿದ್ದರೆ ನಾನು ಹೋಗುವಂತಿಲ್ಲ. ಒಮ್ಮೆ ರಜೆ ಹಾಕಿ ಮುಖ್ಯ ಕಚೇರಿಗೇ ಹೋಗಿ ಕಿಟಕಿಯ ಮುಂದೆ ನಿಂತೆ. ಒಳಗಿದ್ದ ಗುಮಾಸ್ತ ಕಂಪ್ಯೂಟರ್ ನೋಡಿ ಹೇಳಿದ, "ನಿಮ್ಮ ಜಾಗಕ್ಕೆ ಯಾರಾದ್ರೂ ಬರ್ತೀನಿ ಅಂದ್ರೆ ಕರ್ಕೊಂಡು ಬನ್ನಿ ಮೇಡಂ. ಆಗ ನೋಡೋಣ."

"ಜನ ಹುಡುಕೋದು ನಿಮ್ಮ ಕೆಲಸ ಅಲ್ವಾ?"

"ಯಾರು ಬರ್ತಾರೆ ಹೇಳಿ ಆ ಕಡೆ?"

"ನಾನು ಹೋಗಿದ್ದೀನಲ್ಲ."

ಅವನು ಊಟದ ಡಬ್ಬಿ ಬಿಚ್ಚಿದ.

ನನ್ನ ಮಗಳು ಹುಟ್ಟಿದ್ದು ಆ ಬಯಲಿನಲ್ಲೇ. ಗಂಡ ಅವಳಿಗೆ ಹಲ್ಲು ಬರುವ ಮುಂಚೆಯೇ ಎದ್ದು ಹೋದ. "ನಾನು ಮದುವೆ ಆಗಿದ್ದು ಹೆಂಗಸನ್ನ, ರೇಡಿಯೋನಲ್ಲ" ಅಂದ. ಪಾಳಿಯ ಹೊತ್ತಿನಲ್ಲಿ ಮಗು ನೋಡುವವರಿಲ್ಲ. ನಗರಕ್ಕೆ ಹೋಗಿ ಅಮ್ಮನ ಮಡಿಲಿಗೆ ಹಾಕಿ ಬಂದೆ. ಸ್ವಲ್ಪ ದಿನ, ವರ್ಗ ಆಗುವ ತನಕ ಅಂತ. ಪುಟ್ಟಿಗೆ ಈಗ ಏಳು ವರ್ಷ. ಅವಳು ನಮ್ಮಮ್ಮನನ್ನು ಅಮ್ಮ ಅನ್ನುತ್ತಾಳೆ. ನನ್ನನ್ನು ಫೋನಮ್ಮ ಅನ್ನುತ್ತಾಳೆ. ಒಮ್ಮೆ ಊರಿಗೆ ಹೋದಾಗ ಬಾಗಿಲು ತೆರೆದು ನನ್ನನ್ನೇ ನೋಡುತ್ತಾ ನಿಂತು, ಒಳಗೆ ಕೂಗಿದಳು, "ಅಮ್ಮಾ, ಫೋನಮ್ಮ ಕಾಲು ಸಮೇತ ಬಂದಿದ್ದಾಳೆ." ಅಮ್ಮ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ನಿಂತೆ.

ಕಳೆದ ವರ್ಷ ನಮ್ಮ ಟವರಿಗೆ ಒಬ್ಬ ಹೊಸ ಹುಡುಗ ಬಂದ. ಮುಖ್ಯ ಕಚೇರಿಯ ದೊಡ್ಡವರೊಬ್ಬರ ಮಗಳನ್ನು ಮದುವೆಯಾಗಿದ್ದ. ಹಾಗಾಗಿ ಅವನು ಎಲ್ಲರ ಬಾಯಲ್ಲಿ ಅಳಿಯಂದಿರು. ಕೆಟ್ಟವನಲ್ಲ. ಕಲಿಯುವ ಆಸೆ ಇತ್ತು. ಅವನಿಗೆ ಕೆಲಸ ಕಲಿಸಿದ್ದು ನಾನು. ಪಕ್ಕದಲ್ಲಿ ಕೂತು ಅವನ ಒಂದೊಂದು ಮಾತಿಗೂ ಕಿವಿ ಕೊಟ್ಟು, ತಪ್ಪಿದಾಗ ಮೈಕ್ ಕಿತ್ತುಕೊಂಡು, ಮತ್ತೆ ಕೊಟ್ಟು. ಅವನು ತಯಾರಾದರೆ ಮೂವರಾಗುತ್ತೇವೆ, ಅಷ್ಟಾದರೂ ಆಗುತ್ತದೆ, ಒಬ್ಬೊಬ್ಬರಾಗಿ ಬರುತ್ತಾರೆ ಅಂದುಕೊಂಡೆ. ಅವನು ಪರೀಕ್ಷೆ ಪಾಸಾದ. ಮೇಷ್ಟ್ರು ಸಿಹಿ ಹಂಚಿದರು. ಆ ಸಿಹಿ ಬಾಯಲ್ಲಿ ಕರಗುವ ಮುಂಚೆ ಅವನಿಗೆ ನಗರಕ್ಕೆ ಆದೇಶ ಬಂತು.

ನಾನು ಇನ್‌ಚಾರ್ಜ್ ಕೋಣೆಗೆ ನುಗ್ಗಿದೆ.

"ಮುಕ್ಕಾಲು ಪಾಲು ತುಂಬಿದ್ರೆ ಮಾತ್ರ ಬಿಡೋದು ಅಂದ್ರಲ್ಲ ಸಾರ್?"

"ಅದು ವರ್ಗಾವಣೆಗೆ. ಇದು ವರ್ಗಾವಣೆ ಅಲ್ಲ, ನಿಯೋಜನೆ."

"ವ್ಯತ್ಯಾಸ ಏನು?"

"ನಿಯೋಜನೆಗೆ ಆ ನಿಯಮ ಇಲ್ಲ."

"ಹಾಗಾದ್ರೆ ನನ್ನನ್ನೂ ನಿಯೋಜನೆ ಮಾಡಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೋಡಮ್ಮ, ನಿನಗೆ ಈ ಕೆಲಸ ಸಿಕ್ಕಿದ್ದೇ ದೊಡ್ಡದು. ನಿಮ್ಮಮ್ಮ ಏನು ಮಾಡ್ತಿದ್ದರು ಅಂತ ಮರೀಬೇಡ."

"ಮರೆತಿಲ್ಲ ಸಾರ್. ನಿಮ್ಮಂಥವರು ಗಲೀಜು ಮಾಡಿದ್ದನ್ನ ತೊಳೀತಿದ್ದರು."

ಅಂದಿನಿಂದ ನನ್ನ ರಜೆಗಳೆಲ್ಲ ನಿಂತವು.

ಅಳಿಯಂದಿರು ಹೊರಡುವ ಮುಂಚೆ ಬಂದು, "ಅಕ್ಕಾ, ಬೇಜಾರ್ ಮಾಡ್ಕೋಬೇಡಿ" ಅಂದ. ಅವನ ಮುಖ ನೋಡಲಾಗಲಿಲ್ಲ. "ಮಾತಾಡುವಾಗ ಅವಸರ ಮಾಡಬೇಡ, ನಿನಗೆ ಆ ಚಟ ಇದೆ" ಅಂದೆ.

ಅದೇ ತಿಂಗಳು ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಮನೆಯಲ್ಲಿದ್ದದ್ದು ಪುಟ್ಟಿ ಒಬ್ಬಳೇ. ಅವಳು ನನಗೆ ಫೋನ್ ಮಾಡಿದಳು. ಮತ್ತೆ ಮತ್ತೆ ಮಾಡಿದಳು. ಪಾಳಿಯಲ್ಲಿ ನಮ್ಮ ಫೋನ್ ಕೆಳಗೆ ಬೀರುವಿನಲ್ಲಿರುತ್ತದೆ. ಆ ಹೊತ್ತಿನಲ್ಲಿ ನಾನು ಗೊತ್ತಿಲ್ಲದ ಯಾರನ್ನೋ ಸುರಕ್ಷಿತವಾಗಿ ಇಳಿಸುತ್ತಿದ್ದೆ. ಪುಟ್ಟಿ ಅಜ್ಜಿಯ ತಲೆಯ ಕೆಳಗೆ ತನ್ನ ಶಾಲೆಯ ಚೀಲ ಇಟ್ಟು ಪಕ್ಕದಲ್ಲಿ ಕೂತಿದ್ದಳಂತೆ. ಸಂಜೆ ಪಕ್ಕದ ಮನೆಯಾಕೆ ಕೆಲಸದಿಂದ ಬಂದ ಮೇಲೆ ಆಸ್ಪತ್ರೆಗೆ ಸೇರಿಸಿದರು.

ರಜೆ ಕೇಳಿದೆ. ಹೊಸ ಟರ್ಮಿನಲ್ ಉದ್ಘಾಟನೆ ಇದೆ, ಅದು ಮುಗಿಯಲಿ ಅಂದ ಇನ್‌ಚಾರ್ಜ್.

"ನಮ್ಮಮ್ಮ ಮಲಗಿಬಿಟ್ಟಿದ್ದಾಳೆ ಸಾರ್. ಮಗು ಒಂದೇ ಇದೆ."

"ನಿನ್ನ ಬದಲಿಗೆ ಕೂರೋರು ಯಾರು? ಜನ ಇಲ್ಲಮ್ಮ. ಇದ್ದಿದ್ರೆ ನಾನು ಬೇಡ ಅಂತಿದ್ನಾ?"

ಪಕ್ಕದ ಮನೆಯಾಕೆ ಅಮ್ಮನ ಬಟ್ಟೆ ಬದಲಿಸಿದಳು. ಪುಟ್ಟಿಗೆ ಅನ್ನ ಹಾಕಿದಳು. ನನಗೆ ಏನೂ ಆಗದವಳು. ನಾನು ಹೆತ್ತವಳು, ನಾನು ಮಗಳು, ನಾನು ಉಪ್ಪು ಬಯಲಿನಲ್ಲಿ.

ಹೊಸ ಟರ್ಮಿನಲ್ಲಿಗೆ ಹಸಿರು ಗಾಜು, ಒಳಗೆ ಕಾರಂಜಿ. ದುಡ್ಡಿತ್ತು. ಲಿಫ್ಟ್ ಮಾತ್ರ ರಿಪೇರಿ ಆಗಲಿಲ್ಲ. ಉದ್ಘಾಟನೆಗೆ ಬರುವವರು ಇಲಾಖೆಯ ನಿರ್ದೇಶಕರು. ನಮ್ಮ ವರ್ಗಾವಣೆಯ ಅರ್ಜಿಗಳ ಮೇಲೆ ಕೊನೆಯ ಮಾತು ಅವರದೇ.

ಆ ದಿನ ಬೆಳಗಿನ ಪಾಳಿ ನನ್ನದು. ಅರ್ಧದಲ್ಲಿ ಮೇಷ್ಟ್ರು ಬಂದು ನನ್ನನ್ನು ಬಿಡಿಸುವುದು ಅಂತ ಮೊದಲೇ ಮಾತಾಗಿತ್ತು. ಆದರೆ ಇನ್‌ಚಾರ್ಜ್ ಮೇಷ್ಟ್ರಿಗೆ ಕೋಟು ತೊಡಿಸಿ ಸ್ವಾಗತದ ಸಾಲಿನಲ್ಲಿ ನಿಲ್ಲಿಸಿದ್ದ. ಸಿಬ್ಬಂದಿ ಜಾಸ್ತಿ ಕಾಣಬೇಕಂತೆ. ಮೇಲಿನಿಂದ ನೋಡಿದರೆ ಬಿಸಿಲಿನಲ್ಲಿ ಮೇಷ್ಟ್ರ ಬಿಳಿ ತಲೆ ಕಾಣುತ್ತಿತ್ತು.

ಬೆಳಗಿನಿಂದ ವಿಮಾನ ಬರುತ್ತಲೇ ಇದ್ದವು. ಅತಿಥಿಗಳು, ಅಧಿಕಾರಿಗಳು. ಎರಡು ಗಂಟೆ ಯಾವಾಗಲೋ ದಾಟಿತ್ತು. ಮತ್ತೆ ಅಷ್ಟೇ ಹೊತ್ತು ದಾಟಿತು. ಹೊಟ್ಟೆಯ ಕೆಳಗಿನ ಕಲ್ಲು ಬೆಳೆಯುತ್ತಾ ಹೋಯಿತು. ತೊಡೆ ನಡುಗತೊಡಗಿತು. ಒಬ್ಬ ಪೈಲಟ್ ಹೇಳಿದ ಎತ್ತರವನ್ನು ಎರಡನೇ ಸಲ ಕೇಳಿದೆ. ನಾನು ಎರಡನೇ ಸಲ ಕೇಳುವವಳಲ್ಲ. ನನಗೆ ಭಯವಾಯಿತು.

ಟವರಿನ ಇಂಟರ್‌ಕಾಮ್‌ನಲ್ಲಿ ಕೆಳಗೆ ಫೋನ್ ಮಾಡಿದೆ. "ಸಾರ್, ಮೇಷ್ಟ್ರನ್ನ ಕಳಿಸಿ. ನಾನು ಇಳೀಬೇಕು."

"ಈಗಾ? ನಿರ್ದೇಶಕರ ವಿಮಾನ ಹೊರಟಾಗಿದೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

"ಆಗಲ್ಲ ಸಾರ್. ಗಮನ ತಪ್ತಾ ಇದೆ."

"ಬಾಟಲಿ ಗೀಟಲಿ ಇಲ್ವಾ ಅಲ್ಲಿ?"

ಹಿಂದೆ ಯಾರೋ ನಕ್ಕರು. ಅವನೂ ನಕ್ಕ.

ನಾನು ಫೋನ್ ಇಟ್ಟೆ. ಆಶ್ಚರ್ಯವೆಂದರೆ ಕೋಪ ಬರಲಿಲ್ಲ. ತಲೆ ತಿಳಿಯಾಯಿತು. ಆಕಾಶ ನೋಡಿದೆ. ಖಾಲಿ. ರನ್‌ವೇ ನೋಡಿದೆ. ಖಾಲಿ. ನಿರ್ದೇಶಕರ ವಿಮಾನ ಇನ್ನೂ ದೂರವಿತ್ತು, ನಗರದ ನಿಯಂತ್ರಣ ಕೇಂದ್ರದ ಕೈಯಲ್ಲಿತ್ತು. ಆ ಕೇಂದ್ರಕ್ಕೆ ನೇರ ಲೈನ್ ಎತ್ತಿದೆ.

"ನಮ್ಮ ಟವರ್ ಮುಚ್ಚಿದೆ. ಅರ್ಧ ಗಂಟೆ."

ಆ ಕಡೆಯ ದನಿ ತಡವರಿಸಿತು. "ಕಾರಣ?"

"ನಿಯಂತ್ರಕರು ಕೆಲಸ ಮಾಡೋ ಸ್ಥಿತಿಯಲ್ಲಿಲ್ಲ. ಬದಲಿ ಇಲ್ಲ. ಬರ್ತಿರೋ ವಿಮಾನದಲ್ಲಿ ಇಂಧನ ಎಷ್ಟಿದೆ ಕೇಳಿ ಹೇಳಿ."

ಕೇಳಿ ಹೇಳಿದರು. ಬೇಕಾದಷ್ಟಿತ್ತು. ವಾಪಸ್ ಹೋಗುವಷ್ಟಿತ್ತು.

"ಅಲ್ಲೇ ಮೇಲೆ ಸುತ್ತಲಿ" ಅಂದೆ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಕಿವಿಗೆ ಗಾಳಿ ತಾಗಿತು.

ಮೆಟ್ಟಿಲು ಇಳಿದೆ. ಗೋಡೆ ಹಿಡಿದು ಒಂದೊಂದೇ. ಕಕ್ಕಸಿನ ಚಿಲಕ ಹಾಕಿಕೊಂಡು ಕೂತೆ. ಮೊದಲು ಬರಲೇ ಇಲ್ಲ. ಅಷ್ಟು ಹೊತ್ತು ಬಿಗಿದಿಟ್ಟ ಮೈ ಬಿಡು ಅಂದರೆ ಬಿಡುವುದಿಲ್ಲ. ಆಮೇಲೆ ಬಂತು. ಉರಿಯಿತು. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ತಲೆಯ ಮೇಲೆ ವಿಮಾನದ ಸದ್ದು, ತುಂಬ ಎತ್ತರದಲ್ಲಿ. ಬಂತು, ಹೋಯಿತು, ಮತ್ತೆ ಬಂತು.

ಬಾಗಿಲು ದಡದಡ ಬಡಿಯಿತು. ಇನ್‌ಚಾರ್ಜ್.

"ಏನ್ ಮಾಡ್ತಿದ್ದೀಯ ಒಳಗೆ?"

"ಕಕ್ಕಸಿನಲ್ಲಿ ಏನು ಮಾಡ್ತಾರೆ ಸಾರ್?"

"ನಿರ್ದೇಶಕರು ಮೇಲೆ ಸುತ್ತುತಾ ಇದ್ದಾರೆ ಕಣೇ."

"ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಂತ ಹೇಳಿ."

ಕೈ ತೊಳೆದೆ. ಮುಖ ತೊಳೆದೆ. ಹೊರಗೆ ಬಂದು, ಅವನು ನೋಡುತ್ತಿದ್ದಂತೆ ನೀರು ಕುಡಿದೆ. ಹೊಟ್ಟೆ ತುಂಬ ಕುಡಿದೆ. ಅವನ ಮೇಜಿನ ಮೇಲಿದ್ದ ಅವನದೇ ಬಾಟಲಿ. ಖಾಲಿ ಮಾಡಿ ಇಟ್ಟೆ. ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದೆ. ಹೇಳಿದ ಹೊತ್ತು ಆದ ಮೇಲೆ ಹತ್ತಿ ಹೋಗಿ ಹೆಡ್‌ಫೋನ್ ಹಾಕಿಕೊಂಡು ಟವರ್ ತೆರೆದೆ. ನಿರ್ದೇಶಕರ ವಿಮಾನವನ್ನು ಎಲೆ ಇಳಿಯುವಷ್ಟು ಮೆತ್ತಗೆ ಇಳಿಸಿದೆ. ಅದರಲ್ಲಿ ಪೈಲಟ್‌ನದೂ ಪಾಲಿದೆ, ನನ್ನದೂ ಇದೆ.

ರಿಬ್ಬನ್ ಕತ್ತರಿಸಿದ ಮೇಲೆ ನಿರ್ದೇಶಕರು ಟವರ್ ಹತ್ತಿದರು. ಕುರ್ಚಿಯಲ್ಲಿ ನನ್ನ ಬದಲಿಗೆ ಮೇಷ್ಟ್ರು ಕೂತಿದ್ದರು, ಕೋಟು ಬಿಚ್ಚಿ ನೆಲಕ್ಕೆ ಹಾಕಿ. ನಿರ್ದೇಶಕರು ಏದುಸಿರು ಬಿಡುತ್ತಾ ಗೋಡೆಗೆ ಒರಗಿದರು. ಮಾತಾಡಲಾಗದೆ ಕೈಸನ್ನೆ ಮಾಡಿ ನೀರು ಕೇಳಿದರು.

"ಇಲ್ಲಿ ನೀರಿಡೋದಿಲ್ಲ ಸಾರ್" ಅಂದೆ. "ಕುಡಿದ್ರೆ ಇಳೀಬೇಕಾಗುತ್ತೆ."

ಅವರು ಉಸಿರು ಕೂಡಿಸಿಕೊಂಡು ಹೇಳಿದರು, "ಇದು ಬಂಡಾಯ ಕಣಮ್ಮ. ನಿಮ್ಮನ್ನ ಅಮಾನತು ಮಾಡ್ತೀನಿ. ಈ ಕ್ಷಣದಿಂದ."

ಆ ಮಾತು ಮನಸ್ಸಿಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ಕೈ ಮುಗಿದು ಕೇಳಿದರೂ ಸಿಗದ ಬಿಡುಗಡೆ ಒಂದೇ ಮಧ್ಯಾಹ್ನ ಸಿಕ್ಕಿತ್ತು.

ಆ ಸಂಜೆಯ ಬಸ್ಸಿಗೇ ಹೊರಟೆ. ನನ್ನ ಜಾಗಕ್ಕೆ ಮರುದಿನವೇ ನಗರದಿಂದ ಜನ ಕಳಿಸಿದರು. ಯಾರಿರಬಹುದು? ಅಳಿಯಂದಿರು. ಜನ ಇರಲಿಲ್ಲ ಅನ್ನುವುದು ಸುಳ್ಳಾಗಿತ್ತು. ಬೇಕಾದಾಗ ಜನ ಇದ್ದರು.

ಅಮ್ಮ ಮಂಚದ ಮೇಲಿದ್ದಳು. ತುಂಬ ಸಣ್ಣಗಾಗಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಸೂರು ನೋಡುತ್ತಾ ಕೇಳಿಸಿಕೊಂಡಳು.

"ಜೀವಮಾನ ಪೂರ್ತಿ ಕಂಡೋರ ಕಕ್ಕಸು ತೊಳೆದೆ ನಾನು" ಅಂದಳು. "ಅದಕ್ಕೆ ಸಂಬಳ ಕೊಟ್ಟರು. ನೀನು ಕಕ್ಕಸಿಗೆ ಹೋದೆ ಅಂತ ಸಂಬಳ ನಿಲ್ಲಿಸಿದರಾ?" ಆಮೇಲೆ ನಗಲು ಹೋಗಿ ಸೊಂಟ ಹಿಡಿದುಕೊಂಡಳು. "ನಗಿಸಬೇಡ ಕಣೇ. ನೋಯುತ್ತೆ."

ಅವಳಿಗೆ ಸ್ನಾನ ಮಾಡಿಸಿದೆ. ಬೆನ್ನಿನ ಹುಣ್ಣು ತೊಳೆದೆ. ಪುಟ್ಟಿಗೆ ಜಡೆ ಹೆಣೆದೆ. ಮೊದಮೊದಲು ಅವಳು ತಲೆ ಕೊಡುತ್ತಿರಲಿಲ್ಲ. "ಅಮ್ಮ ಹೆಣೆದ ಹಾಗೆ ಬರಲ್ಲ ನಿನಗೆ" ಅನ್ನುತ್ತಿದ್ದಳು. ನಿಜವೇ. ಬರುತ್ತಿರಲಿಲ್ಲ. ದಿನಾ ಬಿಚ್ಚಿ ಮತ್ತೆ ಹೆಣೆದೆ.

ವಿಚಾರಣೆಗೆ ಮುಖ್ಯ ಕಚೇರಿಗೆ ಕರೆದರು. ಉದ್ದ ಮೇಜು, ಆ ಕಡೆ ಮೂವರು, ಮಧ್ಯದಲ್ಲಿ ನಿರ್ದೇಶಕರು. ಅವತ್ತು ಅವರ ದನಿಯಲ್ಲಿ ಜೇನು ಸುರಿಯುತ್ತಿತ್ತು.

"ನೋಡಿ, ನಿಮ್ಮ ಕಷ್ಟ ನಮಗೂ ಅರ್ಥ ಆಗುತ್ತೆ. ಆರೋಗ್ಯ ಸರಿ ಇರಲಿಲ್ಲ, ತಲೆ ಕೆಟ್ಟಿತ್ತು, ತಪ್ಪಾಯ್ತು, ಕ್ಷಮಿಸಿ ಅಂತ ನಾಲ್ಕು ಸಾಲು ಬರೆದುಕೊಡಿ. ಅಮಾನತು ರದ್ದು. ಇಲ್ಲೇ ನಗರದಲ್ಲಿ ಪೋಸ್ಟಿಂಗ್. ನಿಯೋಜನೆ ಮೇಲೆ. ನಾಳೆಯಿಂದಲೇ."

ಹಾಳೆ ಮತ್ತು ಪೆನ್ನು ನನ್ನ ಕಡೆ ತಳ್ಳಿದರು.

ಸುಳ್ಳು ಹೇಳುವುದಿಲ್ಲ, ಕೈ ಪೆನ್ನಿನ ಹತ್ತಿರ ಹೋಯಿತು. ಅಮ್ಮನ ಬೆನ್ನಿನ ಹುಣ್ಣು ಕಣ್ಣಿಗೆ ಬಂತು. ಪುಟ್ಟಿ ಶಾಲೆಯಿಂದ ಬರುವ ಹೊತ್ತು ಅದು. ನಾಲ್ಕು ಸಾಲು. ಯಾರು ಓದುತ್ತಾರೆ ಅದನ್ನು?

ಓದುತ್ತಾರೆ. ಮುಂದೆ ಯಾವುದೋ ಟವರಿನಲ್ಲಿ ಯಾವುದೋ ಹುಡುಗಿ ನಾನು ಇಳೀಬೇಕು ಸಾರ್ ಅಂದಾಗ ಆ ನಾಲ್ಕು ಸಾಲನ್ನು ಅವಳ ಮುಖಕ್ಕೆ ಹಿಡಿಯುತ್ತಾರೆ. ಹಿಂದೆ ಒಬ್ಬಳು ಹೀಗೇ ಮಾಡಿದ್ದಳು, ಅವಳಿಗೆ ತಲೆ ಕೆಟ್ಟಿತ್ತು ಅನ್ನುತ್ತಾರೆ.

"ನನ್ನ ತಲೆ ಕೆಟ್ಟಿರಲಿಲ್ಲ ಸಾರ್" ಅಂದೆ. "ತಲೆ ನೆಟ್ಟಗಿದ್ದಿದ್ದಕ್ಕೇ ಟವರ್ ಮುಚ್ಚಿದ್ದು. ಮೂತ್ರ ಬಂದಿತ್ತು. ಹೋದೆ. ಅದಕ್ಕೆ ಕ್ಷಮೆ ಕೇಳೋದಿಲ್ಲ."

"ಹಾಗಾದ್ರೆ ವರ್ಗಾವಣೆ ಮರೆತುಬಿಡಿ."

"ಮರೆಯೋದೂ ಇಲ್ಲ. ಅದು ನನ್ನ ಹಕ್ಕು. ನಿಮ್ಮ ಜೇಬಿನಿಂದ ಕೊಡೋದಲ್ಲ."

ಎದ್ದು ಬಾಗಿಲು ತೆರೆದೆ.

ಕಾರಿಡಾರಿನ ನೆಲದ ಮೇಲೆ ಗೋಡೆಗೆ ಒರಗಿ ಜನ ಕೂತಿದ್ದರು. ಉದ್ದಕ್ಕೂ. ಗಂಡಸರು, ಹೆಂಗಸರು, ಒಬ್ಬಳ ತೊಡೆಯ ಮೇಲೆ ಹಸುಗೂಸು. ಒಂದು ಮುಖವೂ ಗೊತ್ತಿಲ್ಲ. ಸಾಲಿನ ತುದಿಯಲ್ಲಿದ್ದ ಮೇಷ್ಟ್ರು ಮಾತ್ರ ಗುರುತು ಸಿಕ್ಕರು.

"ಬರೆದುಕೊಟ್ಟೆಯಾ ತಂಗಿ?" ಅಂದರು.

"ಇಲ್ಲ."

"ನಂಗೂ ಬರೆದುಕೊಡು ಅಂದಿದ್ದರು. ನೀನು ಹೇಳದೆ ಕೇಳದೆ ಎದ್ದು ಹೋದೆ ಅಂತ. ಅಲ್ಲ, ಹೇಳಿಯೇ ಹೋದಳು ಅಂತ ಬರೆದೆ." ಇಷ್ಟು ಉದ್ದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ.

ಹಸುಗೂಸಿನವಳು ತಲೆ ಎತ್ತಿದಳು. "ನಾನು ನದಿ ಟವರಿನವಳು ಅಕ್ಕಾ."

ಆ ದನಿ. ಪ್ರತಿ ಬೆಳಿಗ್ಗೆ ಲೈನಿನಲ್ಲಿ ಗಾಳಿ ಎಷ್ಟು, ಮೋಡ ಎಷ್ಟು ಅಂತ ಹೇಳುವ ದನಿ. ಮುದುಕಿಯ ದನಿ ಅಂದುಕೊಂಡಿದ್ದೆ. ಇವಳಿಗೆ ಇನ್ನೂ ಮೊಡವೆ ಇದ್ದವು. ಪಕ್ಕದ ದಪ್ಪ ಮನುಷ್ಯ, "ಗುಡ್ಡದ ಟವರ್" ಅಂದ. ಅವನನ್ನೂ ಗೊತ್ತು. ಅವನ ಕೆಮ್ಮು ಗೊತ್ತು. ಒಬ್ಬೊಬ್ಬರೇ ಮಾತಾಡುತ್ತಾ ಹೋದ ಹಾಗೆ ಒಬ್ಬೊಬ್ಬರೇ ಗುರುತಾದರು. ವರ್ಷಗಟ್ಟಲೆ ಕಿವಿಯಲ್ಲಿದ್ದವರು ಮೈ ಹೊತ್ತು ಬಂದಿದ್ದರು. ಎಲ್ಲರೂ ಜನ ಬರದ ಟವರಿನವರು. ಎಲ್ಲರಿಗೂ ಅದೇ ಮುಕ್ಕಾಲು ಪಾಲು. ಮೇಷ್ಟ್ರು ಲೈನಿನಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿಸಿದ್ದರಂತೆ.

ನಿರ್ದೇಶಕರು ಬಾಗಿಲಿಗೆ ಬಂದರು. ಆ ಸಾಲು ನೋಡಿ ಹೊಸ್ತಿಲಲ್ಲೇ ನಿಂತರು.

"ನೀವೆಲ್ಲ ಇಲ್ಲಿದ್ದರೆ ಅಲ್ಲಿ ಟವರ್ ನೋಡ್ತಿರೋರು ಯಾರು?"

"ರಜೆ ಹಾಕಿ ಬಂದಿದ್ದೀವಿ ಸಾರ್" ಅಂದ ಗುಡ್ಡದವನು. "ಇವತ್ತು ಮುಚ್ಚಿದೆ ಅಂತ ನಿನ್ನೆಯೇ ತಿಳಿಸಿದ್ದೀವಿ."

ನಿರ್ದೇಶಕರು ನನ್ನ ಕಡೆ ತಿರುಗಿದರು. "ನೀವೊಬ್ಬರೇ ಒಳಗೆ ಬನ್ನಿ. ಮಾತಾಡೋಣ."

"ಒಬ್ಬಳೇ ಬರೋದಿಲ್ಲ."

ಎಲ್ಲರೂ ಎದ್ದರು. ಒಳಗೆ ಅಷ್ಟು ಕುರ್ಚಿ ಇಲ್ಲ ಅಂದರು ಅವರು. ನಿಂತು ಮಾತಾಡುತ್ತೇವೆ ಅಂದೆವು. ಸಂಜೆಯವರೆಗೆ ನಿಂತೆವು. ಹಸುಗೂಸು ಆ ಉದ್ದ ಮೇಜಿನ ಮೇಲೇ ಮಲಗಿ ನಿದ್ದೆ ಮಾಡಿತು.

ಕೇಳಿದ್ದೆಲ್ಲ ಸಿಗಲಿಲ್ಲ. ಮುಕ್ಕಾಲು ಪಾಲಿನ ನಿಯಮ ಹೋಯಿತು. ಐದು ವರ್ಷ ತುಂಬಿದವರನ್ನು ಬದಲಿ ಇರಲಿ ಬಿಡಲಿ ಕಳಿಸಲೇಬೇಕು ಅಂತಾಯಿತು. ಬದಲಿ ಹುಡುಕುವುದು ಇಲಾಖೆಯ ತಲೆನೋವು, ನಮ್ಮದಲ್ಲ. ಒಟ್ಟಿಗೆ ಎಲ್ಲರನ್ನೂ ಬಿಡಲಾಗದು, ಸರದಿಯ ಮೇಲೆ ಅಂದರು. ಹಸುಗೂಸಿನವಳು ಮೊದಲು, ಆಮೇಲೆ ಮೇಷ್ಟ್ರು ಅಂತ ನಾವೇ ತೀರ್ಮಾನಿಸಿದೆವು. ನನ್ನ ಸರದಿ ಬೇಸಿಗೆಗೆ. ಅಮಾನತು ರದ್ದಾಯಿತು. ನನ್ನ ಒಂದು ವೇತನ ಬಡ್ತಿ ಕಡಿದರು. ಅವರಿಗೂ ಮುಖ ಉಳಿಸಿಕೊಳ್ಳಲು ಏನಾದರೂ ಬೇಕಿತ್ತು. ಆ ಶಿಕ್ಷೆಯ ವಿರುದ್ಧವೂ ದಾವೆ ಹೂಡಿದ್ದೇನೆ.

ಅಮ್ಮ ಕೋಲು ಹಿಡಿದು ಬಾಗಿಲ ತನಕ ನಡೆಯುವಂತಾದ ಮೇಲೆ ನಾನು ಚೀಲ ಕಟ್ಟಿದೆ. ಪುಟ್ಟಿ ಚೀಲದ ಮೇಲೆ ಕೂತುಬಿಟ್ಟಳು.

"ಮತ್ತೆ ಹೋಗ್ತೀಯಾ?"

"ಬೇಸಿಗೆ ತನಕ ಅಷ್ಟೇ."

"ಬೇಸಿಗೇಲಿ ಅವರು ಬಿಡದೇ ಇದ್ರೆ?"

ಅವಳ ಜಡೆ ಅವತ್ತು ನೆಟ್ಟಗೆ ಬಂದಿತ್ತು. ಅದನ್ನು ಮುಂದೆ ಹಾಕಿದೆ.

"ಬಿಡದೇ ಇದ್ರೆ, ಮುಚ್ಚಿ ಬರ್ತೀನಿ."